ಮಧ್ಯಾಹ್ನದ ಗುಡ್ಡ

ರಾಜಕುಮಾರನಿಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು, ಅದೇ ಅವನನ್ನು ಕೆಡಿಸಿತು. ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿ, ಬಾಗಲಕೋಟೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಅವನು ಡಾಕ್ಟರೇಟ್ ಸಂಶೋಧನೆಗೆ ತನ್ನೂರಿನ ಮಗ್ಗಗಳನ್ನೇ ಆರಿಸಿಕೊಂಡ. ಪವರ್‌ಲೂಮಿನಲ್ಲಿ ಸೀರೆಯ ಎಳೆ ಯಾವ ಹೊತ್ತಿಗೆ ಹರಿಯುತ್ತದೆ? ಹರಿದ ಒಂದೊಂದು ಗಳಿಗೆಯೂ ಒಂದು ಚುಕ್ಕೆ. ಚುಕ್ಕೆಗಳು ಒತ್ತಾಗಿ ಬಿದ್ದ ಹೊತ್ತಿನಲ್ಲಿ ಕಂಪ್ಯೂಟರಿನ ಗೆರೆ ಏರುತ್ತದೆ, ವಿರಳವಾದರೆ ಇಳಿಯುತ್ತದೆ. ಹೊತ್ತಿನೊಂದಿಗೆ ಬದಲಾಗುವ ಈ ಗೆರೆಗೆ ‘ತೀವ್ರತಾ ಫಲನ’ ಎಂಬ ಭಾರಿ ಹೆಸರಿದೆ. ಆ ಹೆಸರು ಹೇಳುವಾಗಲೆಲ್ಲ ಅವನ ಎದೆ ಒಂದಿಷ್ಟು ಉಬ್ಬುತ್ತಿತ್ತು.

ಶಿವಸಂಗಪ್ಪ ಸಾಹುಕಾರರ ಶೆಡ್ಡಿನಲ್ಲಿ ಎಂಟು ಹೆಂಗಸರು, ಒಬ್ಬೊಬ್ಬರಿಗೆ ಎರಡೆರಡು ಮಗ್ಗ. ಪ್ರತಿಯೊಬ್ಬರ ಕೈಗೂ ಅವನು ಒಂದೊಂದು ಗುಂಡಿ ಕೊಟ್ಟ.

“ಎಳಿ ಹರೀತಂದ್ರ, ಗಂಟು ಹಾಕಿದವರು ತಮ್ಮ ತಮ್ಮ ಗುಂಡಿ ಒತ್ರಿ, ಅಷ್ಟ” ಎಂದು ತಾನೇ ಬಾಯಾರೆ ಹೇಳಿದ. ಹೇಳಿದ್ದನ್ನು ಮರೆತವನೂ ಅವನೇ.

ಎರಡು ತಿಂಗಳಿಗೆ ಗೆರೆಗಳು ಮೂಡಿದವು. ಆರು ಗೆರೆಗಳು ಎರಿ ಹೊಲದ ಹಾಗೆ ಸಪಾಟು. ರತ್ನವ್ವನ ಗೆರೆ ಮಾತ್ರ ಮಧ್ಯಾಹ್ನ ಒಂದರಿಂದ ಎರಡರವರೆಗೆ ಗುಡ್ಡದಂತೆ ಎದ್ದು, ಎರಡು ಪಟ್ಟಾಗಿತ್ತು. ಅದೇ ಹೊತ್ತಿಗೆ ಸುನಿತಾ ಎಂಬ ಹೊಸ ಬಾಣಂತಿಯ ಗೆರೆ ನೆಲ ಮುಟ್ಟಿತ್ತು. ಕಣ್ಣಿದ್ದವನು ಅಲ್ಲೇ ನಿಂತು ಕೇಳಬೇಕಿತ್ತು. ಇವನು ಸುನಿತಾಳನ್ನು ಹೊಗಳಿದ, ರತ್ನವ್ವನ ಬಗ್ಗೆ ಸಾಹುಕಾರರ ಕಿವಿಯಲ್ಲಿ ಹೇಳಿದ: “ಊಟ ಆದಮ್ಯಾಲ ತೂಕಡಿಕಿ ಬರ್ತಿರಬೇಕ್ರಿ. ವಯಸ್ಸೂ ಆತು.”

ರತ್ನವ್ವ ಅವನಿಗೆ ಪರಕೀಯಳಲ್ಲ. ತೀರಿಕೊಂಡ ಅವ್ವನ ಗೆಳತಿ. ಅವನು ಆಕೆಯನ್ನು ಚಿಗವ್ವ ಎಂದೇ ಕರೆಯುತ್ತಿದ್ದ. ಮರುದಿನವೇ ಸಾಹುಕಾರರು ಎಲ್ಲರೆದುರು ಆ ಗುಡ್ಡ ತೋರಿಸಿ, ಆಕೆಯನ್ನು ಮಗ್ಗದಿಂದ ಎಬ್ಬಿಸಿ, ಮೂಲೆಯಲ್ಲಿ ಲಾಳಿಯೊಳಗಿನ ಕಂಡಕಿಗೆ ನೂಲು ಸುತ್ತಲು ಕೂರಿಸಿದರು. ನಲವತ್ತು ವರ್ಷ ನೇಯ್ದ ಕೈ. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸುತ್ತತೊಡಗಿದಳು.

ತಿಂಗಳ ಮೇಲೆ ರಾಜಕುಮಾರ ಅಚ್ಚಾದ ವರದಿ ಹಿಡಿದು, ಹುನಗುಂದದ ಮೇಲಿಂದ ಬಸ್ಸಿನಲ್ಲಿ ಖುಷಿಯಿಂದ ಬಂದಿಳಿದ. ಶೆಡ್ಡಿನ ಬಾಗಿಲಲ್ಲೇ ಸುನಿತಾ ಅಡ್ಡ ನಿಂತಳು.

“ಸರ್, ಆ ಗುಡ್ಡ ರತ್ನಕ್ಕಂದಲ್ರಿ, ನಂದ್ರಿ.”

“ಏನ್ ಹಂಗಂದ್ರ?”

“ಒಂದಕ್ಕ ನಾ ಕೂಸಿಗೆ ಹಾಲು ಕುಡಸಾಕ ಮನಿಗೆ ಓಡ್ತಿದ್ದೆ. ಸಾವಕಾರ್ರಿಗೆ ಗೊತ್ತಿಲ್ರಿ, ಗೊತ್ತಾದ್ರ ತಗದ ಹಾಕ್ತಾರ. ಆ ಹೊತ್ತಿಗೆ ನನ್ನ ಮಗ್ಗಾನೂ ರತ್ನಕ್ಕನ ನೋಡ್ತಿದ್ಲು. ಗಂಟು ಹಾಕಿದವರು ತಮ್ಮ ಗುಂಡಿ ಒತ್ತಬೇಕಂತ ನೀವ ಹೇಳಿದ್ರಲ್ರಿ.” ಅವಳ ಕಣ್ಣು ತುಂಬಿದವು. “ಈಗ ಯಾರೂ ನೋಡೋರಿಲ್ಲ. ಕೂಸಿಗೆ ಡಬ್ಬಿ ಹಾಲ ಗತಿ ಆಗೇತಿ.”

ಅವನು ಒಳಗೆ ಹೋಗಲಾರದೆ ಎದುರಿನ ಖಾದರಬಾಷಾನ ಚಹಾದಂಗಡಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿದ. ಒಂದರಿಂದ ಎರಡರವರೆಗೆ ರತ್ನವ್ವನ ಕೈಯಲ್ಲಿ ಎರಡಲ್ಲ, ನಾಲ್ಕು ಮಗ್ಗ ಎಂದು ತುಂಬಿ, ಮಗ್ಗಕ್ಕಿಷ್ಟು ಎಂದು ಭಾಗಿಸಿದ. ಗುಡ್ಡ ಮಾಯವಾಯಿತು. ಎಂಟು ಗೆರೆಗಳಲ್ಲಿ ಎಲ್ಲಕ್ಕಿಂತ ಕೆಳಗಿದ್ದದ್ದು ಆಕೆಯದೇ. ಥೂ ನಿನ್ನ ಎಂದು ತನಗೆ ತಾನೇ ಉಗಿದುಕೊಂಡ. ವಿದ್ಯಾರ್ಥಿಗಳಿಗೆ ಮೊದಲ ಪಾಠದಲ್ಲೇ ಹೇಳುವ ಮಾತು: ಎಷ್ಟು ಘಟನೆ ಎನ್ನುವ ಮೊದಲು, ಎಷ್ಟರಲ್ಲಿ ಎಂದು ಕೇಳಿರಿ. ಚಹಾ ಅಲ್ಲೇ ಬಿಟ್ಟು ಎದ್ದ.

ಒಳಗೆ ಹೋದ. ನಿಜ ಹೇಳಿದರೆ ಸುನಿತಾಳ ಕೆಲಸ ಹೋಗುತ್ತದೆ, ಹೇಳದಿದ್ದರೆ ಚಿಗವ್ವ ಮೂಲೆಯಲ್ಲೇ ಉಳಿಯುತ್ತಾಳೆ.

“ಸಾವಕಾರ್ರ, ಸಾಫ್ಟ್‌ವೇರಿನಾಗ ಒಂದೀಟು ದೋಷ...” ಎಂದು ಶುರುಮಾಡಿದವನು, ಮೂಲೆಯಲ್ಲಿ ತಲೆ ಎತ್ತಿದ ರತ್ನವ್ವನನ್ನು ನೋಡಿ ನಾಲಿಗೆ ಕಚ್ಚಿಕೊಂಡ. “ಇಲ್ರಿ. ಸಾಫ್ಟ್‌ವೇರ್ ಸರಿ ಐತಿ. ಲೆಕ್ಕ ತಪ್ಪಿದಾಂವ ನಾನು. ಇಲ್ಲಿ ಎಲ್ಲಾರಕಿಂತ ಕಡಿಮಿ ಎಳಿ ಹರಿದದ್ದು ರತ್ನವ್ವ ಚಿಗವ್ವನ ಮಗ್ಗದಾಗ.”

“ಹೆಂಗ ತಪ್ಪಿದೀಪಾ?”

“ಭಾಗಾಕಾರ ಮರತಿದ್ದೆ.”

ಶೆಡ್ಡಿಗೆ ಶೆಡ್ಡೇ ನಕ್ಕಿತು. “ಭಾಗಾಕಾರ ಮರತಾಂವಗ ಡಾಕ್ಟರ್ ಅಂತಾರೇನಲೇ!” ಎಂದು ಸಾಹುಕಾರರು ತೊಡೆ ತಟ್ಟಿದರು. ಅವನು ಮುಖ ಕೆಳಗೆ ಹಾಕಿ ನಿಂತೇ ಇದ್ದ. ಕೊನೆಗೆ ಅವರು, “ಏ ರತ್ನವ್ವ, ನಿನ್ನ ಮಗ್ಗಕ್ಕ ಹೋಗಬೇ” ಎಂದರು.

ಕಾಲಿಗೆ ಬಗ್ಗಿದ ಅವನನ್ನು ರತ್ನವ್ವ ತಡೆದಳು.

“ಆವತ್ತ ನನಗ ಹೇಳಬಾರದಿತ್ತೇನ ಚಿಗವ್ವ?”

“ಹೇಳಿದ್ರ ಆ ಕೂಸಿನ ಹಾಲು ತಪ್ಪತಿತ್ತು.” ಆಕೆ ಮೆಲ್ಲಗೆ ಹೇಳಿದಳು. “ನಿಮ್ಮವ್ವ ನಿನಗ ಕುಡಸಾಕ ಓಡ್ತಿದ್ಲಲ್ಲೋ, ಆಕಿ ಮಗ್ಗ ಯಾರು ನೋಡಿದ್ರಂತ ಮಾಡೀಯಪಾ?”

ರಾಜಕುಮಾರನಿಗೆ ಅಳು ಒತ್ತಿ ಬಂತು. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ. ಸುನಿತಾ ರತ್ನವ್ವನತ್ತ ನೋಡಿದಳು, ರತ್ನವ್ವ ಹೂಂ ಎಂದು ತಲೆಯಾಡಿಸಿದಳು. ಸುನಿತಾ ಬಾಗಿಲತ್ತ ಸರಿದಳು. ಅವನು ಓಡಿಹೋಗಿ ಸಾಹುಕಾರರಿಗೂ ಬಾಗಿಲಿಗೂ ನಡುವೆ ನಿಂತು, ವರದಿಯ ಹಾಳೆಯನ್ನು ಅಗಲಕ್ಕೆ ಬಿಚ್ಚಿ ಹಿಡಿದ. “ಎಲ್ಲಿ ತಪ್ಪಿದೆ ತೋರಸ್ತೇನ್ರಿ, ಸಾವಕಾರ್ರ” ಎಂದ. ಒಂದು ತಾಸು ತನ್ನ ದಡ್ಡತನವನ್ನು ಮೊದಲಿಂದ ಕೊನೆಯವರೆಗೆ ಬಿಡಿಸಿ ಬಿಡಿಸಿ ಹೇಳಿದ.