ಹೂಜಿಯ ಪಕ್ಕದ ಸ್ಟೂಲು

ಅಸ್ಪೃಶ್ಯತೆಯನ್ನು ಕಾನೂನು ಕಿತ್ತುಹಾಕಿದ ಮೇಲೆ ಕಚೇರಿಯವರಿಗೆ ಅದಕ್ಕೊಂದು ಸಾಕ್ಷಿ ಬೇಕಾಯಿತು. ಬೈಂಡಿಂಗ್ ಕೋಣೆಯಲ್ಲಿ ಹಳೇ ಪುಸ್ತಕಗಳಿಗೆ ಅಂಟು ಬಳಿದುಕೊಂಡು ಹಾಯಾಗಿದ್ದ ದಲಿತನೊಬ್ಬನನ್ನು ಎಬ್ಬಿಸಿ ತಂದು, ಹಾಲ್‌ನಲ್ಲಿ ನೀರಿನ ಹೂಜಿಯ ಪಕ್ಕ ಸ್ಟೂಲು ಹಾಕಿ ಕೂರಿಸಿದರು. ತಲೆಯ ಮೇಲೆ, ಅಸ್ಪೃಶ್ಯತೆ ಆಚರಿಸುವುದು ಅಪರಾಧ ಎಂಬ ಬೋರ್ಡು. ಅಂದಿನಿಂದ ಅವನು ಎಲ್ಲರ ಬಾಯಲ್ಲಿ ನೀರಣ್ಣ.

ಮರುದಿನದಿಂದಲೇ ಕಚೇರಿಗೆಲ್ಲ ಆರೋಗ್ಯದ ಚಿಂತೆ ಹತ್ತಿಕೊಂಡಿತು. ಹೆಡ್ ಕ್ಲರ್ಕಿಗೆ ಗಂಟಲು ಕೆಟ್ಟಿದೆ, ಬಿಸಿನೀರೇ ಆಗಬೇಕು. ಟೈಪಿಸ್ಟಮ್ಮನಿಗೆ ಮನೆ ನೀರು ಬಿಟ್ಟು ಬೇರೆ ಕುಡಿಯಬಾರದೆಂದು ಡಾಕ್ಟರು ಹೇಳಿದ್ದಾರಂತೆ. ಮೇಜು ಮೇಜಿನ ಮೇಲೂ ಬಾಟಲಿ ಎದ್ದು ನಿಂತಿತು. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ, ಆಡಿದ್ದರೆ ಕಾನೂನಿತ್ತು. ಬಾಯಾರಿಕೆಯೇ ಇಲ್ಲ ಅನ್ನುವವರ ಮೇಲೆ ಯಾವ ಕಾನೂನು ಹಾಕುತ್ತೀರಿ? ನೀರಣ್ಣ ಬೆಳಿಗ್ಗೆ ಹೂಜಿ ತೊಳೆದು ತುಂಬುತ್ತಿದ್ದ, ಸಂಜೆ ತುಂಬಿದ ಹೂಜಿಯನ್ನೇ ಹೊತ್ತುಕೊಂಡು ಹೋಗಿ ಅಂಗಳದ ಗಿಡಗಳಿಗೆ ಸುರಿಯುತ್ತಿದ್ದ. ಗಿಡಗಳು ಮಾತ್ರ ದಷ್ಟಪುಷ್ಟವಾಗಿ ಬೆಳೆದವು.

ಬೈಂಡಿಂಗ್ ಅವನಿಗೆ ಅಪ್ಪನಿಂದ ಬಂದ ಕಸುಬಲ್ಲ, ತಾನೇ ಇಷ್ಟಪಟ್ಟು ಕಲಿತದ್ದು. ಸೂಜಿ ದಾರ ಹಿಡಿದ ಕೈ ಈಗ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಕೂತಲ್ಲೇ ಸಂಬಳ ಬರುತ್ತಲ್ಲ ಎಂದು ಹೆಂಡತಿ ತಮಾಷೆ ಮಾಡಿದರೆ ರೇಗುತ್ತಿದ್ದ. ಹಳೇ ಕೋಣೆಗೆ ವಾಪಸ್ ಕಳಿಸಿ ಎಂದು ಸಾಹೇಬರಿಗೆ ಎಷ್ಟೋ ಸಲ ಕೈಮುಗಿದ.

“ನಿನ್ನ ಎಬ್ಬಿಸಿದ್ರೆ, ಜಾತಿ ನೋಡಿ ಎಬ್ಬಿಸಿದ್ರು ಅಂತಾರಲ್ಲಪ್ಪಾ,” ಎಂದು ಸಾಹೇಬರು ಕಾನೂನನ್ನೇ ಅಡ್ಡ ಹಿಡಿದರು.

ಕೊನೆಗೊಂದು ದಿನ, ತಪಾಸಣೆಗೆ ದೊಡ್ಡ ಸಾಹೇಬರು ಬರುತ್ತಾರೆಂದು ಗೊತ್ತಾದಾಗ, ಕಚೇರಿಯ ಸಾಹೇಬರೇ ಅವನನ್ನು ಕರೆದರು. ಕೇಳಿದ್ದಕ್ಕೆ ಚೆನ್ನಾಗಿ ಉತ್ತರ ಕೊಟ್ಟರೆ ಮಾರನೇ ದಿನವೇ ಬೈಂಡಿಂಗಿಗೆ ಹಾಕುವುದಾಗಿ ಮಾತು ಕೊಟ್ಟರು.

ತಪಾಸಣೆಯ ದಿನ ಬಾಟಲಿಗಳೆಲ್ಲ ಡ್ರಾಯರ್ ಸೇರಿದವು. ಹೆಡ್ ಕ್ಲರ್ಕು ಔಷಧಿ ಕುಡಿಯುವವರ ಮುಖ ಮಾಡಿಕೊಂಡು ಒಂದು ಲೋಟ ಮುಗಿಸಿದರು. ದೊಡ್ಡ ಸಾಹೇಬರು ನಿಜಕ್ಕೂ ಒಳ್ಳೆಯವರು. ತಾವಾಗಿಯೇ ಕೇಳಿ ಕುಡಿದು, ಅವನ ಹೆಗಲ ಮೇಲೆ ಕೈಯಿಟ್ಟರು.

“ಇಲ್ಲಿ ಎಲ್ರೂ ನಿಮ್ಮ ಕೈಯ ನೀರು ಕುಡೀತಾರಾ? ಹೆದರ್ಬೇಡಿ, ನಿಜ ಹೇಳಿ.”

ಆ ಹಾಲ್‌ನಲ್ಲಿ ಅವನನ್ನು ಬಹುವಚನದಲ್ಲಿ ಮಾತಾಡಿಸಿದವರು ಅವರೊಬ್ಬರೇ. ನಿಜ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಬೈಂಡಿಂಗ್ ಕೋಣೆಯ ಅಂಟಿನ ವಾಸನೆ ನೆನಪಾಯಿತು.

“ಎಲ್ರೂ ಕುಡೀತಾರೆ ಸಾರ್. ಸಂಜೆ ಹೊತ್ತಿಗೆ ಹೂಜಿ ಖಾಲಿ.”

ದೊಡ್ಡ ಸಾಹೇಬರ ಕಣ್ಣು ತುಂಬಿ ಬಂತು. ಸಾಹೇಬರ ಕಡೆ ತಿರುಗಿ, “ಇವ್ರನ್ನ ರಿಟೈರ್ ಆಗೋವರೆಗೂ ಇಲ್ಲಿಂದ ಕದಲಿಸ್ಬೇಡಿ. ಇದು ನನ್ನ ಆರ್ಡರ್,” ಎಂದರು.

ಸಾಹೇಬರು ನೀರಣ್ಣನ ಮುಖ ನೋಡಲಿಲ್ಲ. ಕಾರು ಗೇಟು ದಾಟುವ ಮೊದಲೇ ಡ್ರಾಯರ್‌ಗಳು ಒಂದೊಂದಾಗಿ ತೆರೆದುಕೊಂಡವು. ನನ್ನ ಬಾಯಿಂದಲೇ ನನಗೆ ಬೀಗ ಜಡಿದುಕೊಂಡೆನಲ್ಲ ಎಂದುಕೊಂಡ ನೀರಣ್ಣ. ಸಂಜೆ ಹೂಜಿ ಎತ್ತಿಕೊಂಡ. ಎರಡು ಲೋಟದಷ್ಟು ಕಡಿಮೆಯಾಗಿತ್ತು, ಅಷ್ಟೇ. ಉಳಿದದ್ದನ್ನು ಗಿಡಗಳಿಗೆ ಸುರಿದು, ನಾಳೆಗೆಂದು ಹೂಜಿ ತೊಳೆಯಲು ಕೂತ.