ಒಂದೇ ಪಿನ್ನಿನ ಕವಿ

ನಾಲ್ಕು ಬೋರ್ಡ್ ಪಿನ್ನುಗಳನ್ನು ಕಂಡು ಹೊಟ್ಟೆ ಉರಿದುಕೊಂಡವನು ನಾನು ಎಂದರೆ ನೀವು ನಗುತ್ತೀರಿ. ನಗಿ, ಬೇಡ ಎಂದವರಾರು?

ನ್ಯಾಮತಿಯ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತದ ಮೇಷ್ಟ್ರು. ಸಾಸ್ವೆಹಳ್ಳಿಯಿಂದ ಬರುವ ಗಿರಿಜಮ್ಮ ಮೇಡಂ ಕನ್ನಡ ಕಲಿಸುತ್ತಾರೆ, ಕವಿತೆ ಬರೆಯುತ್ತಾರೆ. ಅವರನ್ನು ನೋಡಿ ನಾನೂ ಶುರು ಹಚ್ಚಿಕೊಂಡೆ. ಒಂದು ಸೋಮವಾರ ಇಬ್ಬರ ಕವಿತೆಗಳೂ ಸ್ಟಾಫ್ ರೂಮಿನ ಬೋರ್ಡು ಏರಿದವು. ಅವರದಕ್ಕೆ ನಾಲ್ಕು ಮೂಲೆಗೆ ನಾಲ್ಕು ಪಿನ್ನು. ನನ್ನದಕ್ಕೆ ನೆತ್ತಿಯ ಮೇಲೊಂದು.

"ಡಬ್ಬಿಯಾಗೆ ಇದ್ದಿದ್ದೇ ಐದು ಸಾರ್," ಅಂದ ಅಟೆಂಡರ್ ಹಾಲಪ್ಪ. ಐದನ್ನು ಇಬ್ಬರಿಗೆ ಹಂಚಿದರೆ ಮೂರು, ಎರಡು ಆಗಬೇಕು. ಹಾಲಪ್ಪನಿಗೆ ಗಣಿತ ಕಲಿಸಿದ ಪುಣ್ಯಾತ್ಮ ಯಾರೋ ಕಾಣೆ.

ಪಿನ್ನಿನ ಮೇಲೆ ನನಗೆ ಮೊದಲಿನಿಂದಲೂ ಅಕ್ಕರೆ. ಗುಂಡುಸೂಜಿಗೆ ಬರೀ ತಲೆ; ಇದಕ್ಕೆ ತಲೆಯೂ ಉಂಟು, ಸೊಂಟವೂ ಉಂಟು, ಒತ್ತಿದರೆ ಹೆಬ್ಬೆರಳು ನೋಯುವುದಿಲ್ಲ. ಮನೆಯಲ್ಲಿ ಮದುವೆ ಕಾಗದ, ಮಗಳ ಟೈಮ್ ಟೇಬಲ್ಲು ಗೋಡೆ ಹಿಡಿದು ನಿಂತಿರುವುದು ಇದರ ದಯೆಯಿಂದ. ಗೋಂದಿನ ಬಾಟಲಿಯ ಕಟ್ಟಿದ ಬಾಯಿ ಬಿಡಿಸುವುದೂ ಇದೇ. ಜಗಳೂರಿನಲ್ಲಿದ್ದಾಗ ಕಾಲಿಗೆ ಹೊಕ್ಕ ಜಾಲಿಮುಳ್ಳನ್ನೂ ಇದರಿಂದಲೇ ತೆಗೆದಿದ್ದೇನೆ. ಇಷ್ಟು ನಿಯತ್ತಿನ ವಸ್ತು ಈಗ ಎದುರು ಪಾರ್ಟಿ ಸೇರಿತ್ತು.

ವಾರವಿಡೀ ನೋಡಿದೆ. ಮೇಡಂ ಕವಿತೆ ಇಸ್ತ್ರಿ ಮಾಡಿದ ಹಾಗೆ ನಿಂತಿತ್ತು. ನನ್ನದು ಫ್ಯಾನಿನ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಸಾಲದ್ದಕ್ಕೆ ಅದರ ಕೆಳ ಅಂಚಿಗೆಲ್ಲ ಒಗ್ಗರಣೆ ಮಂಡಕ್ಕಿಯ ಎಣ್ಣೆಗೈ ಗುರುತು. ತಿಂಡಿ ತಿಂದ ಕೈ ಒರೆಸಲು ನನ್ನ ಕವಿತೆಯೇ ಸಿಕ್ಕಿತೇ ಈ ಮೇಷ್ಟ್ರುಗಳಿಗೆ!

ಶನಿವಾರ ಶಾಲೆ ಬಿಟ್ಟು ಎಲ್ಲರೂ ಹೋದ ಮೇಲೆ, ಮೇಡಂ ಹಾಳೆಯಿಂದ ಒಂದೇ ಒಂದು ಪಿನ್ನು ಕೀಳಲು ಕೈ ಹಾಕಿದೆ. ಅವಸರಕ್ಕೆ ಬೆರಳಿಗೇ ಚುಚ್ಚಿತು. ಬಿಟ್ಟುಹೋದ ಕೊಡೆಗಾಗಿ ವಾಪಸು ಬಂದಿದ್ದ ಗಿರಿಜಮ್ಮ ಮೇಡಂ ಬಾಗಿಲಲ್ಲೇ ನಿಂತಿದ್ದರು.

"ಒಂದ್ಯಾಕೆ, ಮೂರು ಕಿತ್ಗಳ್ರಿ ಸಾರ್, ನಂಗೂ ಒಂದೇ ಸಾಕು," ಅಂದರು.

ಕೈ ಹಿಂದಕ್ಕೆಳೆದು ಬೆರಳನ್ನು ಬಾಯಿಗಿಟ್ಟುಕೊಂಡೆ.

"ಅಲ್ರೀ, ನಂದು ಗೋಡಿಗೆ ಮೆತ್ತಿದಂಗೆ ಐತೆ, ಒಬ್ರೂ ತಿರುಗಿ ನೋಡಲ್ಲ. ನಿಮ್ದು ಹಾರಾಡ್ತೈತೆ ಅಂತ ತಿಂಡಿ ತಿನ್ನೋರೂ ಎದ್ದು ಬಂದು, ಕೈಯಾಗೆ ಹಿಡ್ಕಂಡು ಓದಾಕೆ ನಿಲ್ತಾರೆ. ವಾರದಿಂದ ನನ್ನ ಹೊಟ್ಟೆ ಹೆಂಗೆ ಉರದೈತೆ ಅಂತ ನಿಮಗೇನು ಗೊತ್ತು?"

ಬೆರಳು ಚೀಪುತ್ತಲೇ ಆ ಎಣ್ಣೆ ಗುರುತುಗಳನ್ನು ಎಣಿಸಿದೆ. ಒಂಬತ್ತು! ಜನ್ಮದಲ್ಲಿ ನನಗೆ ಅಷ್ಟು ಓದುಗರು ಸಿಕ್ಕಿರಲಿಲ್ಲ.

ಹಾಲಪ್ಪ ಈಗ ಹೊಸ ಡಬ್ಬಿ ತಂದಿದ್ದಾನೆ. ಆದರೂ ನಮಗಿಬ್ಬರಿಗೂ ಒಂದೊಂದೇ ಪಿನ್ನು. ಬೆಳಿಗ್ಗೆ ಯಾರು ಮೊದಲು ಬಂದರೂ ಫ್ಯಾನಿನ ರೆಗ್ಯುಲೇಟರನ್ನು ಐದಕ್ಕೆ ತಿರುಗಿಸುತ್ತೇವೆ. ಎಲ್ಲ ಸರಿಹೋಯಿತು ಎನ್ನಬಹುದಿತ್ತು. ಆದರೆ ಅವರ ಹಾಳೆ ನನ್ನದಕ್ಕಿಂತ ಒಂಚೂರು ಜಾಸ್ತಿ ಹಾರುತ್ತದೆ ಕಣ್ರೀ. ಫ್ಯಾನಿಗೆ ಹತ್ತಿರದ ಜಾಗ ಅವರದೇ.