ಆಯುಧಪೂಜೆಗೆ ಗುಡಿಸಿದ ಫೋಲ್ಡರ್

ಮಕ್ಕಳೇ, ನಿಮ್ಮ ತಾತ ತೀರಿಕೊಂಡ ಮೇಲೆ ಅವರು ಕೆಲಸ ಮಾಡುತ್ತಿದ್ದ ಯೂನಿವರ್ಸಿಟಿಯವರು ನನಗೆ ಗುಮಾಸ್ತರ ಕೆಲಸ ಕೊಟ್ಟರು. ಕೋಗಿಲಿನಿಂದ ಹೊರಟು, ಯಲಹಂಕದಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದೆ. ಹಳ್ಳಿ ಶಾಲೆಯಲ್ಲಿ ಓದಿದವಳು, ಕಂಪ್ಯೂಟರ್ ವಿಭಾಗದಲ್ಲಿ ಬಾಯಿ ಬಿಡಲೂ ಸಂಕೋಚ. ಕೆಲವು ವರ್ಷಗಳಲ್ಲಿ ಕಡತಗಳೆಲ್ಲ ಕ್ಲೌಡ್‌ಗೆ ಹೋದವು. ಯಾವ ಫೋಲ್ಡರನ್ನು ಯಾರು ನೋಡಬಹುದು, ಯಾರು ತಿದ್ದಬಹುದು ಎಂದು ಹೆಸರು ಸೇರಿಸುವ, ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲಿ ಒತ್ತಬೇಕೆಂದು ಕಲಿತೆ. ಒತ್ತಿದ ಮೇಲೆ ಏನಾಗುತ್ತದೆ ಎನ್ನುವುದು ಮಾತ್ರ ತಲೆಗೆ ಹತ್ತಲಿಲ್ಲ.

ಒಂದು ವರ್ಷ ಆಯುಧಪೂಜೆಗೆ ಎಂದಿನಂತೆ ಎಲ್ಲ ವಿಭಾಗದವರೂ ಬೀರು ಖಾಲಿ ಮಾಡಿ, ಧೂಳು ಹೊಡೆದು, ಹಳೆಯ ಕಾಗದವನ್ನು ರದ್ದಿಗೆ ಹಾಕಿದರು. ಮಾನಿಟರುಗಳಿಗೆ ಕುಂಕುಮ ಇಟ್ಟು, ಸರ್ವರ್ ರೂಮಿನ ಮುಂದೆ ಬೂದುಗುಂಬಳ ಒಡೆದೆವು. ರಜೆ ಮುಗಿದ ಬೆಳಿಗ್ಗೆ, ಆರ್.ಟಿ. ನಗರದಿಂದ ಬರುತ್ತಿದ್ದ ಪಿಎಚ್.ಡಿ. ಹುಡುಗಿಯೊಬ್ಬಳು ಓಡಿಬಂದಳು.

“ಆಂಟಿ, ನನ್ ಥೀಸಿಸ್ಸೇ ಇಲ್ಲ! ಗೈಡ್ ಸರ್‌ಗೆ ಶೇರ್ ಮಾಡಿದ್ದ ಫೋಲ್ಡರ್ ಪೂರ್ತಿ ಖಾಲಿ. ಬೇರೆ ಕಾಪಿ ಇಟ್ಕೊಂಡಿಲ್ಲ. ಇವತ್ ಸಂಜೆ ಸಬ್ಮಿಟ್ ಮಾಡ್ಲೇಬೇಕು!”

ಅವಳ ಹಿಂದೆಯೇ ಗೈಡ್ ಬಂದರು. “ನಾನೇ ಕಣಮ್ಮಾ ತೆಗ್ದಿದ್ದು. ಹಬ್ಬಕ್ಕೆ ಬೀರು ಕ್ಲೀನ್ ಮಾಡ್ದೆ, ಹಂಗೇ ಕಂಪ್ಯೂಟರ್‌ನಲ್ಲೂ ಮಾಡ್ದೆ. ನನ್ ಕಡೇದು ತಾನೇ ಹೋಗೋದು?”

“ಇಬ್ರಿಗೂ ಸೇರಿ ಒಂದೇ ಬೀರು, ಸರ್,” ಎಂದಳು ಹುಡುಗಿ. ಅಳುತ್ತಲೇ, “ಕುಂಬಳಕಾಯಿ ನನ್ ತಲೆ ಮೇಲೇ ಒಡೆದ್ರಲ್ಲಾ!” ಎಂದಳು.

ಅಳಿಸಿದ ಫೈಲುಗಳು ಹೋಗಿ ಬೀಳುವ ಕಸದ ಬುಟ್ಟಿಯನ್ನು ಸರ್ ಅವರ ಕಂಪ್ಯೂಟರಿನಲ್ಲಿ ತೆರೆಸಿದೆ, ಇಲ್ಲ. ಅವಳ ಬುಟ್ಟಿಯಲ್ಲೂ ಇಲ್ಲ. ಎಸೆದದ್ದು ಬುಟ್ಟಿಯಲ್ಲೇ ಇಲ್ಲವೆಂದರೆ ಇನ್ನೆಲ್ಲಿ ಹೋಯಿತು? ರಜೆಯಲ್ಲಿದ್ದ ನಮ್ಮ ಮೇಲಧಿಕಾರಿಗೆ ಫೋನ್ ಮಾಡಿದೆ.

“ಫೈಲ್ ಆ ಹುಡುಗೀದಲ್ವಾ? ಬೇರೆಯವ್ರು ತೆಗೆದ್ರೆ ಅಳಿಸಿ ಹೋಗಲ್ಲ ಕಣಮ್ಮಾ. ಫೋಲ್ಡರ್‌ನಿಂದ ಹೊರಗ್ ಬೀಳತ್ತೆ, ಅಷ್ಟೇ.”

“ಹೊರಗೆ ಅಂದ್ರೆ ಎಲ್ಲಿ, ಸರ್?”

“ಎಲ್ಲೂ ಅಲ್ಲ. ಆದ್ರೆ ಇರತ್ತೆ. ಅವಳ ಲಾಗಿನ್‌ನಲ್ಲಿ ಫೈಲ್ ಹೆಸ್ರು ಹಾಕಿ ಹುಡುಕ್ಸಿ.”

ಎಲ್ಲೂ ಇಲ್ಲದ್ದು ಇರುವುದು ಹೇಗೆ? ಮತ್ತೆ ಕೇಳಲು ನಾಚಿಕೆಯಾಯಿತು. ಅವರು ಹೇಳಿದಂತೆಯೇ ಹುಡುಗಿಗೆ ಹೇಳಿದೆ. ಅವಳು ಹೆಸರು ಟೈಪ್ ಮಾಡಿದಳು. ಅಧ್ಯಾಯಗಳೆಲ್ಲ ಒಂದರ ಕೆಳಗೊಂದು ಬಂದು ನಿಂತವು. ನನ್ನನ್ನು ಬಿಗಿಯಾಗಿ ತಬ್ಬಿಕೊಂಡಳು.

“ಇಷ್ಟೊತ್ತು ಎಲ್ಲಿತ್ತಮ್ಮಾ ಇದು?” ಎಂದೆ.

“ನಂಗೂ ಗೊತ್ತಿಲ್ಲ ಆಂಟಿ. ಮೊದ್ಲು ಸರ್‌ನ ಬರೀ ನೋಡೋ ಹಂಗೆ ಮಾಡಿ.”

ಗೈಡ್ ಅಲ್ಲೇ ನಿಂತಿದ್ದರು. ಅಷ್ಟು ದೊಡ್ಡವರ ಅಧಿಕಾರಕ್ಕೆ ನಾನು ಕೈ ಹಾಕುವುದೇ? ಮೌಸ್ ಹಿಡಿದು ಅವರ ಮುಖ ನೋಡಿದೆ.

“ಮಾಡಮ್ಮಾ, ಮಾಡು,” ಎಂದರು ಅವರೇ. “ಇನ್ಮೇಲೆ ನನ್ ಕೈಗೆ ಪೊರಕೆ ಕೊಡ್ಬೇಡ.”

ಹುಡುಗಿ ಪ್ರಿಂಟ್ ಹಾಕಿಸಲು ಓಡಿದಳು. ನಾನು ಸರ್ ಹೆಸರಿನ ಎದುರು ‘ನೋಡಲು ಮಾತ್ರ’ ಎನ್ನುವ ಗುಂಡಿ ಒತ್ತಿದೆ.